ನೀರಾಗೊಬ್ಬರು, ನೆಲದಾಗೊಬ್ಬ

ಎಲ್ಲರೂ ಕೂರುವ ಮೊದಲು ಕುರ್ಚಿ ನೋಡುತ್ತಾರೆ; ನಾನು ಸೂರು ನೋಡುತ್ತೇನೆ. ನೆಂಟರ ಮನೆಯಾಗಲಿ, ಮದುವೆ ಛತ್ರವಾಗಲಿ, ಹಲ್ಲಿನ ಡಾಕ್ಟರ ಕೋಣೆಯಾಗಲಿ, ಒಳಗೆ ಕಾಲಿಟ್ಟ ಕೂಡಲೇ ಕತ್ತೆತ್ತಿ ಒಂದು ಸುತ್ತು ಕಣ್ಣಾಡಿಸುತ್ತೇನೆ. ಎಲ್ಲಾದರೂ ಬಿರುಕು ಕಂಡರೆ ಅದರ ಕೆಳಗಿನ ಜಾಗ ಬಿಟ್ಟು ಬೇರೆ ಕಡೆ ಕೂರುತ್ತೇನೆ. ನನ್ನನ್ನು ತಿಳಿಯದವರು ಯಾರೋ ದೈವಭಕ್ತರಿರಬೇಕು ಎಂದುಕೊಳ್ಳುತ್ತಾರೆ. ತಿಳಿದವರು ಏನೆಂದುಕೊಳ್ಳುತ್ತಾರೋ, ನನ್ನ ಹೆಂಡತಿಗೆ ಗೊತ್ತಿದೆ, ನನಗೆ ಹೇಳಿಲ್ಲ.

ಹೋದ ವರ್ಷ ಅವಳ ಅಕ್ಕನ ಮಗ ವಿಶಾಖಪಟ್ಟಣದ ಮಧುರವಾಡದಲ್ಲಿ ಫ್ಲ್ಯಾಟು ಕೊಂಡು ಗೃಹಪ್ರವೇಶಕ್ಕೆ ಕರೆದಿದ್ದ. ಹುಡುಗ ನಡುಮನೆಯ ಮಾಳಿಗೆಗೆ ಬಹಳ ಆಸೆಯಿಂದ ಹೂಬಳ್ಳಿ ಮಾಡಿಸಿ, ಅದರ ನಡುನಡುವೆ ದೀಪ ಕೂರಿಸಿದ್ದ. ನನ್ನ ಕೈಯಲ್ಲಿ ಕೊಡೆಯಿತ್ತು. ತಡೆಯಲಾಗಲಿಲ್ಲ. ಅದರ ತುದಿಯಿಂದ ಮಾಳಿಗೆಯನ್ನು ಎರಡು ಕಡೆ ಮೆಲ್ಲಗೆ ಕುಟ್ಟಿ, ಕಿವಿಗೊಟ್ಟು ಕೇಳಿ, ‘ಪೊಳ್ಳು’ ಎಂದೆ. ಹೋಮದ ಮುಂದೆ ಕೂತಿದ್ದ ಹುಡುಗನ ಮುಖ ಬಿಳಿಚಿಕೊಂಡಿತು. ಪುರೋಹಿತರು ಮಂತ್ರ ನಿಲ್ಲಿಸಿ ಮೇಲೆ ನೋಡಿದರು. ನನ್ನ ಹೆಂಡತಿ ನನ್ನ ಕೈಯಿಂದ ಕೊಡೆ ಕಿತ್ತುಕೊಂಡು, “ಅದು ಫಾಲ್ಸ್ ಸೀಲಿಂಗ್ರೀ. ಪೊಳ್ಳ ಇರತೈತಿ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ವಾಪಸು ಬರುವಾಗ ಆಟೋದಲ್ಲಿ ಕೊಡೆಯನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು. ನನ್ನ ಈ ವಿದ್ಯೆಯಿಂದ ಆಕೆಗೆ ಆಗಿರುವ ಒಂದೇ ಉಪಯೋಗವೆಂದರೆ ಕಲ್ಲಂಗಡಿ. ಸಂತೆಯಲ್ಲಿ ನಾನು ಕುಟ್ಟಿ ತಂದ ಹಣ್ಣು ಇದುವರೆಗೆ ಬಿಳಿ ಬಂದಿಲ್ಲ.

ಈ ಚಟ ನನಗೆ ಹತ್ತಿದ್ದು ಎಂಬತ್ತರ ದಶಕದಲ್ಲಿ, ವಿಶಾಖಪಟ್ಟಣದಲ್ಲಿ ನಾನು ಮೈನಿಂಗ್ ಡಿಪ್ಲೊಮಾ ಓದುತ್ತಿದ್ದಾಗ. ಓದುತ್ತಿದ್ದೆ ಎಂದರೆ ಬಹಳ ಆಸೆಪಟ್ಟು ಸೇರಿದ್ದೆ ಎಂದು ತಿಳಿಯಬೇಡಿ. ಮೆಕ್ಯಾನಿಕಲ್ ಬೇಕೆಂದು ಹೋಗಿ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಮೆಕ್ಯಾನಿಕಲ್ ಮುಗಿದಿತ್ತು, ಸಿವಿಲ್ ಮುಗಿದಿತ್ತು. ಮೇಜಿನ ಹಿಂದೆ ಕೂತಿದ್ದವರು ತಲೆಯೆತ್ತದೆ, “ಮೈನಿಂಗ್ ಉಂದಿ, ಕಾವಾಲಾ?” ಎಂದರು. ಸಂಜೆ ಸಂತೆಯಲ್ಲಿ ಉಳಿದ ತರಕಾರಿಯನ್ನು ಬೇಕೇ ಎಂದು ಕೇಳುವ ಹಾಗಿತ್ತು. ಬೇಕು ಎಂದುಬಿಟ್ಟೆ.

ಮನೆಗೆ ಬಂದು ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೈನಿಂಗ್ ಅಂದರೆ ಏನು ಎಂದು ಕೇಳಿದಳು. ನೆಲದ ಒಳಗೆ ಇಳಿದು ಕಲ್ಲಿದ್ದಲು ತೆಗೆಸುವ ಕೆಲಸ ಎಂದೆ. ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

“ನೀರಾಗೊಬ್ಬರು, ನೆಲದಾಗೊಬ್ಬ. ಮ್ಯಾಲ ನಾ ಒಬ್ಬಾಕಿ” ಎಂದಳು. ಬಳಿಕ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದಳು.

ನೀರಿನಲ್ಲಿದ್ದವರು ನನ್ನ ಅಪ್ಪ. ಗದಗಿನ ಹತ್ತಿರದ, ಬೇಸಿಗೆಗೆ ಕೆರೆಯಲ್ಲೂ ನೀರು ಉಳಿಯದ ಊರಲ್ಲಿ ಹುಟ್ಟಿದವರು ಹೋಗಿ ಹೋಗಿ ನೌಕಾಪಡೆ ಸೇರಿದ್ದರು. ಅದರಲ್ಲೂ ಸಬ್‌ಮರೀನು. ಅವರ ಕೆಲಸ ಎಂಜಿನ್ ರೂಮಿನಲ್ಲಿ. ಮನೆಯಲ್ಲಿ ಅದನ್ನು ಸಬ್‌ಮರೀನು ಎಂದು ಯಾರೂ ಕರೆಯುತ್ತಿರಲಿಲ್ಲ, ‘ಬೋಟು’ ಅನ್ನುತ್ತಿದ್ದೆವು, ಕೆರೆಯಲ್ಲಿ ಹುಟ್ಟು ಹಾಕಿಕೊಂಡು ಹೋಗುವುದೇನೋ ಅನ್ನುವ ಹಾಗೆ. ಬೋಟು ಹೊರಟಿತೆಂದರೆ ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಅಪ್ಪ ಹೇಳುವ ಹಾಗಿರಲಿಲ್ಲ. ಅವ್ವ ಕೇಳುವ ಹಾಗೂ ಇರಲಿಲ್ಲ. ಬೆಳಿಗ್ಗೆ ಚೀಲ ಹೆಗಲಿಗೇರಿಸಿ, ‘ಬರ್ತೀನಿ’ ಎಂದು ಮೆಟ್ಟಿಲಿಳಿದು ಹೋಗುತ್ತಿದ್ದರು. ಅಷ್ಟೆ.

ಆಮೇಲಿನ ದಿನಗಳನ್ನು ಅವ್ವ ಹೇಗೆ ಕಳೆಯುತ್ತಿದ್ದಳೆಂದು ಆಗ ನಾನು ನೋಡುತ್ತಿದ್ದರೂ ಕಂಡಿರಲಿಲ್ಲ. ಅಪ್ಪ ಇಲ್ಲದಾಗ ಎಣ್ಣೆಗಾಯಿ ಮಾಡುತ್ತಿರಲಿಲ್ಲ. ರೇಡಿಯೋ ವಾರ್ತೆಯ ಹೊತ್ತಿಗೆ ಮಿಕ್ಸರ್ ತಿರುಗಿಸುತ್ತಿರಲಿಲ್ಲ. ಸಂಜೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತ ಕೂರುತ್ತಿದ್ದಳು. ಅದೇ ಬೋಟಿನಲ್ಲಿ ಗಂಡ ಇದ್ದ ಇನ್ನಿಬ್ಬರು ಹೆಂಗಸರೂ ಬಂದು ಜೊತೆಗೆ ಕೂರುತ್ತಿದ್ದರು. ಒಬ್ಬಾಕೆ ಮಲಯಾಳಿ, ಒಬ್ಬಾಕೆ ಬಿಹಾರದವಳು. ಮೂವರಿಗೂ ಅರೆಬರೆ ಬರುತ್ತಿದ್ದುದು ತೆಲುಗು. ಅದರಲ್ಲೇ ಮಕ್ಕಳ ಕೆಮ್ಮು, ಸೀಮೆಎಣ್ಣೆ, ಮೀನಿನ ರೇಟು ಎಲ್ಲ ಮಾತಾಡುತ್ತಿದ್ದರು. ಬೋಟಿನ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಆರಿಸಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದರೆಂದು ಈಗ ಅನ್ನಿಸುತ್ತದೆ. ಅಷ್ಟು ಕಲ್ಲು ಯಾವ ಅಕ್ಕಿಯಲ್ಲೂ ಇರುವುದಿಲ್ಲ.

ಅಪ್ಪ ವಾಪಸು ಬಂದದ್ದು ಅವರ ಹೆಜ್ಜೆ ಸಪ್ಪಳಕ್ಕಿಂತ ಮೊದಲು ಡೀಸೆಲ್ ವಾಸನೆಯಿಂದ ಗೊತ್ತಾಗುತ್ತಿತ್ತು. ಬಟ್ಟೆ, ಚೀಲ, ಕೂದಲು ಎಲ್ಲಕ್ಕೂ ಆ ವಾಸನೆ. ಅವ್ವ ಮೂಗು ಮುಚ್ಚಿಕೊಂಡು ಆ ಬಟ್ಟೆಗಳನ್ನು ಬೇರೆ ಬಕೆಟ್ಟಿಗೆ ಹಾಕಿ ಬೈಯುತ್ತಿದ್ದಳು. ಬೈಯುವಾಗ ಅವಳಷ್ಟು ಸಂತೋಷವಾಗಿ ಇರುವವರನ್ನು ನಾನು ನೋಡಿಲ್ಲ.

ಅಪ್ಪನಿಗೆ ಮನೆಯಲ್ಲಿ ಒಂದೇ ಹಟವಿತ್ತು. ಬಾಗಿಲು ದಾಟಿ ಒಳಗೆ ಬಂದ ಮೇಲೆ ಕನ್ನಡ. ನನಗೋ ಬೀದಿಯಲ್ಲಿ, ಶಾಲೆಯಲ್ಲಿ, ಕನಸಿನಲ್ಲಿ ಕೂಡ ತೆಲುಗು. ಹಸಿವಾದಾಗ ಬಾಯಿಗೆ ಮೊದಲು ‘ಆಕಲಿ’ ಎಂದೇ ಬರುತ್ತಿತ್ತು. ಹಾಗೆಂದರೆ ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ‘ಹಸಿವು’ ನೆನಪಾಗುವ ತನಕ ಕಾಯಬೇಕಿತ್ತು. ಎಷ್ಟೋ ಸಲ ಪದ ಹುಡುಕುವಷ್ಟರಲ್ಲಿ ಹಸಿವೇ ದುಪ್ಪಟ್ಟಾಗಿರುತ್ತಿತ್ತು.

ಪಾಲಿಟೆಕ್ನಿಕ್ಕಿನಲ್ಲಿ ನಮಗೆ ಗಣಿಯ ಪಾಠ ಹೇಳುತ್ತಿದ್ದವರು ಅಪ್ಪಾರಾವು ಮಾಸ್ಟರು. ಅವರ ಹಣೆಯ ಎಡಕ್ಕೆ, ಹುಬ್ಬಿನ ಮೇಲೆ, ಶಾಯಿಯಲ್ಲಿ ಗೆರೆ ಎಳೆದ ಹಾಗೆ ಒಂದು ನೀಲಿ ಗುರುತಿತ್ತು. ಕಲ್ಲಿದ್ದಲ ಗಣಿಯಲ್ಲಿ ಗಾಯವಾದರೆ ಕರಿಪುಡಿ ಒಳಗೇ ಉಳಿದು ಗಾಯ ನೀಲಿಯಾಗಿ ಮಾಯುತ್ತದೆ ಎಂದು ಆಮೇಲೆ ತಿಳಿಯಿತು. ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ನಾವೆಲ್ಲ ಗದ್ದಲ ಮಾಡುತ್ತ ಬೆಂಚಿನಲ್ಲಿ ಕೂತದ್ದನ್ನು ನೋಡಿ ಎಬ್ಬಿಸಿದರು. “ಪೈನ ಚೂಸಿ ಕೂರ್ಚೋಂಡಿ” ಎಂದರು, ಮೇಲೆ ನೋಡಿ ಕೂರಿ ಎಂದು. ನೋಡಿದೆವು. ಫ್ಯಾನು, ಒಂದು ಹಲ್ಲಿ, ಸುಣ್ಣ ಉದುರಿದ ಒಂದು ಕಲೆ. ಮೇಲೆ ಏನಿದೆ ಎಂದು ಒಬ್ಬೊಬ್ಬರನ್ನೂ ಕೇಳಿ, ಹೇಳಿದ ಮೇಲೆಯೇ ಕೂರಲು ಬಿಟ್ಟರು. ಡಿಪ್ಲೊಮಾ ಮುಗಿಯುವ ತನಕ ಅವರ ಕ್ಲಾಸಿನಲ್ಲಿ ಅದೇ ಹಾಜರಿ.

ಗಣಿಯ ಮಾಳಿಗೆಯನ್ನು, ಎಂದರೆ ತಲೆಯ ಮೇಲಿನ ಬಂಡೆಯನ್ನು, ಕೋಲಿನಿಂದ ಕುಟ್ಟಿ ನೋಡುವುದನ್ನು ಕಲಿಸಿದವರೂ ಅವರೇ. ಬಂಡೆ ಗಟ್ಟಿಯಿದ್ದರೆ ಠಣ್ ಎನ್ನುತ್ತದೆ. ಪದರ ಬಿಟ್ಟುಕೊಂಡಿದ್ದರೆ ಡೋಲು ಬಡಿದ ಹಾಗೆ ಢಬ್ ಎನ್ನುತ್ತದೆ. ಆಗ ಅದರ ಕೆಳಗೆ ನಿಲ್ಲಬಾರದು. ನಾವು ಕಲಿತ ಹುರುಪಿನಲ್ಲಿ ಕಾಲೇಜನ್ನೆಲ್ಲ ಕುಟ್ಟಿದೆವು. ಗಣಿಯ ಅನಿಲ ಪತ್ತೆ ಮಾಡುವ ದೀಪವೊಂದಿತ್ತು. ಅದರ ಜ್ವಾಲೆಯನ್ನು ಸಣ್ಣದು ಮಾಡಿದಾಗ ಮೇಲೆ ತೆಳು ನೀಲಿ ಟೋಪಿ ಕಂಡರೆ ಅಲ್ಲಿ ಅನಿಲ ಇದೆಯೆಂದು ಅರ್ಥ. ಅದನ್ನು ಕಲಿತ ದಿನ ಮನೆಗೆ ಬಂದು ಅವ್ವನ ಸೀಮೆಎಣ್ಣೆ ಸ್ಟೋವಿನ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ಜ್ವಾಲೆ ಪರೀಕ್ಷಿಸಿದೆ. ಅಪಾಯ ಇದೆ ಎಂದು ತೀರ್ಮಾನ ಕೊಟ್ಟೆ. ಬತ್ತಿ ಕತ್ತರಿಸಬೇಕು, ಪಕ್ಕಕ್ಕೆ ಸರಿ ಎಂದಳು ಅವ್ವ.

ಇಷ್ಟೆಲ್ಲ ನೆಲದ ಮೇಲಿನ ಗಣಿಗಾರಿಕೆ. ನಿಜವಾದ ಗಣಿಗೆ ಇಳಿಯುವ ತರಬೇತಿ ಕೊನೆಯ ವರ್ಷ ಬಂತು. ಅಪ್ಪಾರಾವು ಮಾಸ್ಟರ ಜೊತೆ ನಮ್ಮ ತಂಡ ವಿಜಯವಾಡದ ತನಕ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಕಲ್ಲಿದ್ದಲಿನ ಊರಿಗೆ ಹೋಯಿತು. ಹೊರಡುವಾಗ ಅಪ್ಪ ಸಮುದ್ರದಲ್ಲಿದ್ದರು. ಅವ್ವ ಮೆಟ್ಟಿಲ ತನಕ ಬಂದಳು. ಆ ಮನೆಯಲ್ಲಿ ಹೊರಡುವವರಿಗೆ ಏನೂ ಹೇಳುವ ರೂಢಿಯೇ ಇರಲಿಲ್ಲವಲ್ಲ.

ಮೊದಲ ದಿನ ಇಳಿಜಾರು ಸುರಂಗದಲ್ಲಿ ನಡೆದುಕೊಂಡೇ ಇಳಿದೆವು. ತಲೆಯ ಮೇಲೆ ಹೆಲ್ಮೆಟ್ಟು, ಅದಕ್ಕೊಂದು ದೀಪ, ಸೊಂಟಕ್ಕೆ ಅದರ ಭಾರದ ಬ್ಯಾಟರಿ. ಮೊದಮೊದಲು ನನಗೆ ಖುಷಿಯೇ ಆಯಿತು. ಒಂದು ಕಡೆ ಮಾಸ್ಟರು ನಿಂತು, ಎಂದಿನಂತೆ ಮೇಲೆ ನೋಡಿ ಎಂದರು. ದೀಪ ಎತ್ತಿ ನೋಡಿದರೆ ಮಾಳಿಗೆಯ ಕರಿಬಂಡೆಯಲ್ಲಿ ಎಲೆಗಳು. ಉದ್ದನೆಯ, ನಾಲಿಗೆಯ ಹಾಗಿನ ಎಲೆಗಳ ಅಚ್ಚು, ನಡುವಿನ ನರ, ಪಕ್ಕದ ಎಳೆ ಎಲ್ಲ ನೆಟ್ಟಗೆ ಕಾಣುತ್ತಿದ್ದವು. ಈಗಷ್ಟೇ ಯಾರೋ ಎಲೆಯಿಟ್ಟು ಒತ್ತಿದ್ದಾರೆ ಅನ್ನುವ ಹಾಗೆ. ಈ ಕಲ್ಲಿದ್ದಲೆಲ್ಲ ಒಂದು ಕಾಲದ ಕಾಡು, ಅದರ ಉದುರಿದ ಎಲೆಗಳ ಕೆಳಗೆ ನಿಂತಿದ್ದೀರಿ ಎಂದರು ಮಾಸ್ಟರು.

ಅಲ್ಲಿಂದ ಇನ್ನೂ ಒಳಗೆ ಹೋದ ಮೇಲೆ ಎಲ್ಲರ ದೀಪ ಆರಿಸಲು ಹೇಳಿದರು. ಗಣಿಯ ಕತ್ತಲೆ ಹೇಗಿರುತ್ತದೆಂದು ಪ್ರತಿ ತಂಡಕ್ಕೂ ಒಮ್ಮೆ ತೋರಿಸುವ ಪದ್ಧತಿ ಅದು. ಒಂದೊಂದೇ ದೀಪ ಆರಿತು. ಕೊನೆಯದು ನನ್ನದು.

ಅಂಥ ಕತ್ತಲೆಯನ್ನು ನಾನು ಮೊದಲು ಕಂಡಿರಲಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆಯ ರಜೆಗೆ ವಿಜಯವಾಡದಿಂದ ಮೀಟರ್ ಗೇಜ್ ರೈಲಿನಲ್ಲಿ ಗದಗಿಗೆ ಹೋಗುವಾಗ ನಂದ್ಯಾಲಕ್ಕೆ ಮೊದಲು ಕಾಡಿನಲ್ಲಿ ಸುರಂಗ ಬರುತ್ತಿತ್ತು. ಹೊಗೆ ಒಳಗೆ ಬಾರದಿರಲೆಂದು ಎಲ್ಲರೂ ಕಿಟಕಿ ಇಳಿಸುತ್ತಿದ್ದರು. ನಾನು ಅವ್ವನ ಮಡಿಲಲ್ಲಿ ಮುಖ ಹುದುಗಿಸಿ, ಬೆಳಕು ಬಂತೇ ಎಂದು ಕೇಳುತ್ತಿದ್ದೆ. ಅವ್ವ ‘ಬಂತು’ ಎಂದರೆ ತಲೆ ಎತ್ತುತ್ತಿದ್ದೆ. ಇಲ್ಲಿ ಬಂತು ಎನ್ನುವವರು ಯಾರೂ ಇರಲಿಲ್ಲ. ಕಣ್ಣ ಮುಂದೆ ಕೈಯಾಡಿಸಿದರೆ ಕೈಯಿಲ್ಲ. ಮೇಲಿನ ಬೆಟ್ಟವಿಡೀ ಎದೆಯ ಮೇಲೆ ಇಳಿದ ಹಾಗಾಗಿ ಉಸಿರು ಅರ್ಧಕ್ಕೇ ನಿಂತಿತು. ಯಾರದೋ ತೋಳು ಹಿಡಿದು ಕೂಗಿದೆನಂತೆ. ತೆಲುಗಿನಲ್ಲಿ ಅಲ್ಲ, ಕನ್ನಡದಲ್ಲಿ, ‘ಯವ್ವಾ’ ಎಂದು. ದೀಪಗಳು ಹತ್ತಿದವು. ನನ್ನ ಸಹಪಾಠಿ ಸೂರಿಬಾಬು ನನ್ನ ಕೈ ಹಿಡಿದು ಮೇಲಕ್ಕೆ ಕರೆತಂದ. ಹೊಟ್ಟೆ ಸರಿಯಿಲ್ಲ ಎಂದೆ. ಅವನೂ ಹೌದು ಹೌದು, ಹೊಟ್ಟೆಯೇ ಎಂದ. ಒಳ್ಳೆಯ ಹುಡುಗ.

ಮರುದಿನ ಸುರಂಗದ ಬಾಯಿಯ ತನಕ ಹೋಗಿ ನಿಂತೆ. ಕಾಲು ಮುಂದೆ ಬರಲಿಲ್ಲ. ಮಾಸ್ಟರು, ಇವತ್ತು ಮೇಲೇ ಇರು ಎಂದು ಎಲ್ಲರನ್ನೂ ಕರೆದುಕೊಂಡು ಇಳಿದರು. ಅವರ ದೀಪಗಳು ಒಂದೊಂದಾಗಿ ಒಳಗೆ ಮರೆಯಾಗುವುದನ್ನು ನೋಡಿ, ಕೋಣೆಗೆ ಹೋಗಿ ಚೀಲ ಕಟ್ಟಿ, ಮಾಸ್ಟರಿಗೆ ತಿಳಿಸುವಂತೆ ಅಡುಗೆಯವನಿಗೆ ಹೇಳಿ, ವಿಜಯವಾಡದ ಬಸ್ಸು ಹತ್ತಿದೆ.

ವಿಜಯವಾಡದಲ್ಲಿ ಅವ್ವನ ತಮ್ಮ ಈರಣ್ಣ ಮಾಮಾ ಇದ್ದರು. ಬ್ಯಾಂಕಿನಲ್ಲಿ ಆಫೀಸರು. ವರ್ಗವಾಗಿ ಬಂದು ಭವಾನಿಪುರದಲ್ಲಿ ಮನೆ ಮಾಡಿದ್ದರು. ನಮ್ಮ ಮನೆಗೆ ಜೋಳದ ಹಿಟ್ಟು ಬರುತ್ತಿದ್ದುದು ಅವರಿಂದಲೇ. ಬಾಗಿಲಲ್ಲಿ ನನ್ನ ಮುಖ ನೋಡಿದವರೇ ಸ್ನಾನಕ್ಕೆ ಕಳಿಸಿದರು, ಉಣ್ಣಲು ಹಾಕಿದರು. ಉಂಡ ಮೇಲೆ ನಾನೇ ಎಲ್ಲ ಹೇಳಿದೆ. ಮಾಮಾ ಯಾವತ್ತೂ ಬ್ಯಾಂಕಿನವರು. ನಷ್ಟ ಕಂಡ ಕಡೆಯಿಂದ ಬೇಗ ಹೊರಬರಬೇಕು ಅನ್ನುವುದು ಅವರ ಬುದ್ಧಿ. ಬ್ಯಾಂಕಿನ ಪರೀಕ್ಷೆಗೆ ಕೂರು, ನಾನೇ ಹೇಳಿಕೊಡುತ್ತೇನೆ, ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಎಂದರು. ಆ ಮಾತು ನನಗೆ ಎಷ್ಟು ಹಿತವಾಗಿತ್ತೆಂದರೆ ಅವತ್ತು ಮಧ್ಯಾಹ್ನವೇ ಅವರ ಮನೆಯ ಫ್ಯಾನಿನ ಕೆಳಗೆ ಕೂತು, ಕೌಂಟರಿನ ಹಿಂದೆ ಕೂತ ನನ್ನನ್ನು ಕಲ್ಪಿಸಿಕೊಂಡು ನಿದ್ದೆ ಹೋದೆ. ಆ ಫ್ಯಾನಿನ ಕೊಂಡಿ ಗಟ್ಟಿ ಇದೆಯೇ ಎಂದು ಮೊದಲು ನೋಡಿದ್ದೆ ಅನ್ನುವುದು ಬೇರೆ ಮಾತು.

ಮಾಮಾ ನಮ್ಮ ಕ್ವಾರ್ಟರ್ಸಿನ ಪಕ್ಕದ ಅಂಗಡಿಯ ಫೋನಿಗೆ ಟ್ರಂಕ್ ಕಾಲ್ ಮಾಡಿ ಅವ್ವನನ್ನು ಕರೆಸಿದರು. ಅಪ್ಪ ಆಗಷ್ಟೇ ಬೋಟಿನಿಂದ ಬಂದಿದ್ದರು. ಮರುದಿನ ಸಿಕ್ಕ ರೈಲು ಹತ್ತಿ ಬಂದರು. ಮೈಯಿಂದ ಇನ್ನೂ ಡೀಸೆಲ್ ವಾಸನೆ ಹೋಗಿರಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಚಹಾ ಕುಡಿದು, ಮಾಮಾನ ಜೊತೆ ಊರಿನ ಮಾತಾಡಿ, ಬಾ, ಹೊಳಿ ನೋಡಿ ಬರೂಣು ಎಂದು ನನ್ನನ್ನು ಕೃಷ್ಣೆಯ ದಡಕ್ಕೆ ಕರೆದುಕೊಂಡು ಹೋದರು. ಸಂಜೆಯಾಗುತ್ತಿತ್ತು. ಎದುರಿಗೆ ನಡುಗಡ್ಡೆಯಿಂದ ಒಂದು ದೋಣಿ ಬರುತ್ತಿತ್ತು. ಅಪ್ಪ ಪ್ಯಾಂಟು ಮಡಿಸಿ ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗಿಟ್ಟರು.

“ನಿಮ್ಮವ್ವ ಕರಕೊಂಡ ಬರ್ರಿ ಅಂದಾಳ. ನೀ ಹೂಂ ಅಂದ್ರ ನಾಳೆ ಮುಂಜಾನೆ ಗಾಡಿಗೆ ಹೋಗೂಣು” ಎಂದರು.

ಗಣಿಯಲ್ಲಿ ನನಗೆ ಹೆದರಿಕೆಯಾಯಿತು, ನಾನು ನಿಮ್ಮ ಹಾಗಿಲ್ಲ ಎಂದೆ. ಅಪ್ಪ ದೋಣಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

“ನನಗೂ ಅಂಜಿಕಿ ಆಗತೈತಿ.”

ಹೊಸತರಲ್ಲಿ ಆಗಿರಬೇಕು ಎಂದುಕೊಂಡು, ಮೊದಮೊದಲು ಆಗುತ್ತಿತ್ತೇ ಎಂದು ಕೇಳಿದೆ.

“ಈಗೂ ಆಗತೈತಿ. ಹೋದ ಸಲಾನೂ ಆಗಿತ್ತು.”

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗದೆ ನೀರಿಗೇ ಹೇಳುವ ಹಾಗೆ ಹೇಳುತ್ತ ಹೋದರು. ಬೋಟಿನ ಮೇಲಿನ ಮುಚ್ಚಳ ಮುಚ್ಚಿದ ಸದ್ದಾಗಿ, ಅದು ಕೆಳಗಿಳಿಯಲು ಮೊದಲಾದರೆ ಇಂದಿಗೂ ಅವರ ಕೈ ತಣ್ಣಗಾಗುತ್ತದಂತೆ. ಪಕ್ಕದವರಿಗೆ ಅದು ಗೊತ್ತಾಗದಿರಲೆಂದು ಕೈಯಲ್ಲೊಂದು ಎಣ್ಣೆಬಟ್ಟೆ ಹಿಡಿದು ಯಾವುದಾದರೂ ಪೈಪು ಒರೆಸುತ್ತಾರಂತೆ. ಒರೆಸುತ್ತ ಮನಸ್ಸಿನಲ್ಲೇ ವಿಜಯವಾಡದಲ್ಲಿ ರೈಲು ಹತ್ತುತ್ತಾರಂತೆ. ಗುಂಟೂರು, ನರಸರಾವುಪೇಟೆ, ವಿನುಕೊಂಡ, ಮಾರ್ಕಾಪುರ, ಒಂದೊಂದೇ ಸ್ಟೇಷನ್ನು, ಅವಸರವಿಲ್ಲದೆ. ಗುಂಟಕಲ್ಲಿನಲ್ಲಿ ಇಳಿದು ಚಹಾ ಕುಡಿಯುವುದೂ ಉಂಟು. ಬಳ್ಳಾರಿ, ಹೊಸಪೇಟೆ, ಕೊಪ್ಪಳ ದಾಟಿ ಗದಗ ಮುಟ್ಟುವಷ್ಟರಲ್ಲಿ ಎದೆ ಸುಮ್ಮನಾಗಿರುತ್ತದೆ. ಆಗದಿದ್ದರೆ ಅದೇ ಗಾಡಿಗೆ ವಾಪಸು.

ಅವ್ವನಿಗೆ ಗೊತ್ತಿದೆಯೇ ಎಂದು ಕೇಳಿದೆ. ಆಕಿಗೆ ಯಾಕ ಹೇಳಬೇಕು ಎಂದರು.

ಆಮೇಲೆ, ಗಣಿಯ ಒಳಗೆ ಏನೇನಿದೆ ಎಂದು ಕೇಳಿದರು. ನನಗೆ ಮೊದಲು ನೆನಪಾದದ್ದು ಕತ್ತಲೆಯಲ್ಲ, ಎಲೆಗಳು. ಮಾಳಿಗೆಯಲ್ಲಿ ಎಲೆಗಳಿವೆ ಎಂದೆ. “ಎಲಿ? ನೆಲದಾಗ?” ಎಂದು ಅವರು ಮೊದಲ ಸಲ ನನ್ನ ಕಡೆ ತಿರುಗಿದರು. ನಾನು ವಿವರಿಸತೊಡಗಿದೆ. ಕಾಡು ಕೆಸರಿನಲ್ಲಿ ಹೂತದ್ದು, ಕಲ್ಲಿದ್ದಲಾದದ್ದು, ಗಾಳಿ ಒಂದು ದಾರಿಯಲ್ಲಿ ಒಳಗೆ ಹೋಗಿ ಇನ್ನೊಂದರಲ್ಲಿ ಹೊರಗೆ ಬರುವುದು, ಕೋಲಿನಿಂದ ಬಂಡೆಯ ಮನಸ್ಸು ತಿಳಿಯುವುದು. ಕನ್ನಡದಲ್ಲಿ ಪದ ಸಿಗದಲ್ಲಿ ತೆಲುಗು ಬೆರೆಸಿದೆ. ಅವತ್ತು ಅಪ್ಪನಿಗೆ ತೆಲುಗೂ ಕೇಳಿಸಿತು. ದೋಣಿ ದಡಕ್ಕೆ ಬಂದು, ಜನ ಇಳಿದು, ಮತ್ತೆ ಹೊರಟೂ ಹೋಯಿತು. ನನ್ನ ಮಾತು ಮುಗಿದಿರಲಿಲ್ಲ.

“ನಿನಗ ಆ ಕೆಲಸ ಸೇರೈತಿ” ಎಂದರು ಅಪ್ಪ. “ಸೇರದಿದ್ರ ಇವತ್ತ ಬಿಡು, ನಾ ಏನೂ ಅನ್ನಂಗಿಲ್ಲ. ಅಂಜಿಕಿ ಬಂತಂತ ಬಿಡಬ್ಯಾಡ. ಅದು ಎಲ್ಲಿ ಹೋದ್ರೂ ಬರತೈತಿ.”

ಇನ್ನೊಂದು ಸಲ ಇಳಿದು ನೋಡುತ್ತೇನೆ ಎಂದೆ. ಒಂದೇ ಸಲ. ಆಗದಿದ್ದರೆ ಮಾಮಾನ ಪರೀಕ್ಷೆ. ಆತು ಎಂದರು.

ಮರುದಿನ ಇಬ್ಬರೂ ಬಸ್ಸು ಹತ್ತಿ ಕಲ್ಲಿದ್ದಲಿನ ಊರಿಗೆ ಹೋದೆವು. ಅಪ್ಪಾರಾವು ಮಾಸ್ಟರು ನನ್ನನ್ನು ನೋಡಿ, ಹೊಟ್ಟೆ ಸರಿಹೋಯಿತೇ ಎಂದಷ್ಟೇ ಕೇಳಿದರು. ಅದರ ಮಾರನೆಯ ಬೆಳಿಗ್ಗೆ ಗಣಿಯ ಗೇಟಿನ ತನಕ ಅಪ್ಪ ಬಂದರು. ಇನ್ನು ನಾನು ಬಸ್ಸಿಗೆ ಹೋಗುತ್ತೇನೆ, ಮನೆಯಲ್ಲಿ ಕೆಲಸವಿದೆ ಎಂದು ನನ್ನ ಬೆನ್ನ ಮೇಲೊಮ್ಮೆ ಕೈಯಿಟ್ಟು ಹೊರಟರು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹಿಂದೆಯೇ ಹೋಗುತ್ತಿದ್ದೆ.

ಇಳಿಜಾರಿನಲ್ಲಿ ಕಾಲಿಡುತ್ತಲೇ ಮನಸ್ಸಿನಲ್ಲಿ ಅಪ್ಪನ ರೈಲು ಹತ್ತಿದೆ. ಗುಂಟೂರು ಬಿಟ್ಟೆ. ಹೊರಗಿನ ಬೆಳಕು ಹಿಂದೆ ಬಟ್ಟಲಿನಷ್ಟಾಗಿ, ಅಂಗಿಯ ಗುಂಡಿಯಷ್ಟಾಗಿ ಆರಿಹೋಯಿತು. ವಿನುಕೊಂಡ, ಮಾರ್ಕಾಪುರ. ಕೆಲಸದ ಜಾಗ ತಲುಪಿದಾಗ ಮಾಸ್ಟರು, ಇವನಿಗೋಸ್ಕರ ಇನ್ನೊಮ್ಮೆ ಎಲ್ಲರೂ ದೀಪ ಆರಿಸಿ ಎಂದರು. ಅದು ಕರುಣೆಯೋ ಶಿಕ್ಷೆಯೋ ಆಗ ತಿಳಿಯಲಿಲ್ಲ. ದೀಪಗಳು ಆರಿದವು. ಗಿದ್ದಲೂರು ಎಂದೆ. ನಂದ್ಯಾಲ ಎಂದೆ. ಮುಂದಿನ ಸ್ಟೇಷನ್ನು ನೆನಪಿಗೆ ಬರಲೊಲ್ಲದು. ರೈಲು ನಿಂತೇಬಿಟ್ಟಿತು. ಉಸಿರು ಮತ್ತೆ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಸೂರಿಬಾಬು ಇದ್ದ. ನಂದ್ಯಾಲ ಆದ ಮೇಲೆ ಯಾವ ಸ್ಟೇಷನ್ನು ಬರುತ್ತದೋ ಎಂದು ಅವನನ್ನೇ ಪಿಸುಗುಟ್ಟಿ ಕೇಳಿದೆ. ಅವನು ಕತ್ತಲೆಯಲ್ಲಿ, ನಿನಗೆ ತಲೆ ಕೆಟ್ಟಿದೆಯೇ ಎಂದ. ಅವನಿಗೂ ಹೆದರಿಕೆಯಾಗಿತ್ತು ಎಂದು ಅವನ ದನಿಯಿಂದ ಗೊತ್ತಾಯಿತು.

ಆಗ ಸ್ವಲ್ಪ ದೂರದಿಂದ ಅಪ್ಪಾರಾವು ಮಾಸ್ಟರ ದನಿ ಬಂತು. “ಬೇತಂಚರ್ಲ” ಎಂದರು. ತುಸು ತಡೆದು, “ತರುವಾತ ಧೋನ್” ಎಂದೂ ಸೇರಿಸಿದರು.

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಆ ಕತ್ತಲೆಯಲ್ಲಿ ಮುಖ ಕಾಣದ ನಗು ಗೋಡೆಯಿಂದ ಗೋಡೆಗೆ ತಾಗಿ ಬರುತ್ತಿತ್ತು. ನಾನೂ ನಗುತ್ತಿದ್ದೆ. ನಗಬೇಕಾದರೆ ಉಸಿರಾಡಲೇಬೇಕಲ್ಲ, ಉಸಿರು ತಾನಾಗಿಯೇ ಪೂರಾ ಬಂತು. ದೀಪ ಹತ್ತಿಸಿದಾಗ ಮಾಸ್ಟರು ಏನೂ ಆಗಿಲ್ಲವೆಂಬಂತೆ ಮಾಳಿಗೆ ಕುಟ್ಟುತ್ತ ಮುಂದೆ ಹೋಗುತ್ತಿದ್ದರು. ಅವರಿಗೆ ಆ ಸ್ಟೇಷನ್ನುಗಳ ವಿಷಯ ಎಷ್ಟು ತಿಳಿದಿತ್ತೋ, ನಾನು ಕೇಳಲಿಲ್ಲ.

ಶಿಫ್ಟು ಮುಗಿಸಿ ಮಧ್ಯಾಹ್ನ ಮೇಲೆ ಬಂದಾಗ ಬಿಸಿಲಿಗೆ ಕಣ್ಣು ಕುಕ್ಕಿತು. ಗೇಟಿನಾಚೆ ಬೇವಿನ ಮರದ ಕೆಳಗೆ ಒಂದು ಚಹಾ ಅಂಗಡಿ. ಅದರ ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದ ಹೆಂಗಸರ ನಡುವೆ ಬಿಳಿ ಅಂಗಿಯ ಒಬ್ಬರು ಕೂತಿದ್ದರು. ನಮ್ಮ ತಂಡ ಕಂಡೊಡನೆ ಎದ್ದು ನಿಂತರು. ಬೆಳಿಗ್ಗೆಯೇ ಬಸ್ಸಿಗೆ ಹೋದ ನನ್ನ ಅಪ್ಪ.

ಪಕ್ಕದಲ್ಲಿ ಕೆನೆಗಟ್ಟಿದ ಚಹಾದ ಗ್ಲಾಸು ಹಾಗೇ ಇತ್ತು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬೆಳಿಗ್ಗೆಯಿಂದ ಹೀಗೇ, ಯಾರು ಮೇಲೆ ಬಂದರೂ ಎದ್ದು ನಿಲ್ಲುತ್ತಾರೆ, ಕೂತುಕೊಳ್ಳಿ ಎಂದರೂ ಕೇಳುವುದಿಲ್ಲ ಎಂದು ಅಂಗಡಿಯವಳು ನನಗೆ ದೂರು ಹೇಳಿದಳು. ನನ್ನ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಕರಿ. ಅಷ್ಟು ಜನರಲ್ಲಿ ಅಪ್ಪ ನನ್ನನ್ನು ಹೇಗೆ ಗುರುತು ಹಿಡಿದರೋ, ನೆಟ್ಟಗೆ ನನ್ನ ಹತ್ತಿರವೇ ಬಂದರು.

“ಆತೇನು?”

“ಆತಪ್ಪ.”

ಕರವಸ್ತ್ರ ತೆಗೆದು ನನ್ನ ಹಣೆ, ಕೆನ್ನೆ ಒರೆಸಿದರು. ಅವರ ಕೈ ತಣ್ಣಗಿತ್ತು, ಆ ಬಿಸಿಲಿನಲ್ಲೂ. ಒರೆಸುತ್ತ, ನನಗೋ ತಮಗೋ ಹೇಳಿಕೊಳ್ಳುವಂತೆ, “ಮ್ಯಾಲ ಕುಂದ್ರೂದು ಭಾಳ ಕಷ್ಟಪ್ಪ. ನಿಮ್ಮವ್ವ ಇಷ್ಟ ವರ್ಷ ಹ್ಯಾಂಗ ಕುಂತಾಳೋ” ಎಂದರು.

ನಾನು ಆಮೇಲೆ ಗಣಿಯಲ್ಲೇ ದುಡಿದೆ. ಓವರ್‌ಮನ್ ಪರೀಕ್ಷೆ ಪಾಸಾಗಿ, ಪಾಳಿಯ ಜನರನ್ನು ಕರೆದುಕೊಂಡು ಇಳಿದು ಕರೆದುಕೊಂಡು ಬರುವ ಜವಾಬ್ದಾರಿ ಬಂದ ಮೇಲೂ ಅಂಜಿಕೆ ಬಿಟ್ಟು ಹೋಗಲಿಲ್ಲ. ಅದು ಇದ್ದುದರಿಂದಲೇ ನಾನು ಮಾಳಿಗೆಯನ್ನು ಮತ್ತೊಮ್ಮೆ ಕುಟ್ಟಿ ನೋಡುತ್ತಿದ್ದೆ. ಆದರೆ ನಾನು ಹೇಳಬೇಕೆಂದದ್ದು ಅದಲ್ಲ, ತರಬೇತಿ ಮುಗಿಸಿ ವಿಶಾಖಪಟ್ಟಣಕ್ಕೆ ಹೋದ ದಿನದ್ದು.

ಮನೆ ತಲುಪಿದಾಗ ಅಪ್ಪ ಇರಲಿಲ್ಲ. ಬೋಟು ಮತ್ತೆ ಹೊರಟಿತ್ತು. ಅವ್ವ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ನಾನೂ ಒಂದು ಮೆಟ್ಟಿಲು ಕೆಳಗೆ ಕೂತು ಅಕ್ಕಿಯಲ್ಲಿ ಕೈಯಾಡಿಸುತ್ತ ಗಣಿಯ ಗೇಟಿನ ಮುಂದೆ ಆದದ್ದನ್ನು ಹೇಳಿದೆ. ಅಪ್ಪನ ಸ್ಟೇಷನ್ನುಗಳ ಗುಟ್ಟು ಅವರದು, ಅದನ್ನು ಹೇಳಲಿಲ್ಲ. ಬೇವಿನ ಮರ, ಆರಿದ ಚಹಾ, ಅವರು ಮತ್ತೆ ಮತ್ತೆ ಎದ್ದು ನಿಲ್ಲುತ್ತಿದ್ದುದು, ಕೊನೆಗೆ ಆಡಿದ ಮಾತು, ಎಲ್ಲ ಹೇಳಿದೆ. ಅವ್ವನ ಬೆರಳುಗಳು ಅಕ್ಕಿಯ ಮೇಲೆ ನಿಂತವು.

“ಎಷ್ಟೊತ್ತು ಕುಂತಿದ್ರು?” ಎಂದು ಕೇಳಿದಳು.

ಒಂದು ಪಾಳಿ, ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಎಂದೆ.

“ಅಷ್ಟಕ್ಕೇನ?” ಎಂದಳು ಅವ್ವ. ಎಂದವಳೇ ನಗತೊಡಗಿದಳು. ಮಡಿಲಲ್ಲಿದ್ದ ಮೊರ ಅಲುಗಿ ಅಕ್ಕಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಚೆಲ್ಲುತ್ತ ಹೋಯಿತು. ಅದನ್ನು ಬಾಚಿಕೊಳ್ಳಲು ನಾನು ಬಗ್ಗಿದೆ. ಮತ್ತೆ ತಲೆ ಎತ್ತಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಇನ್ನೂ ನಗುತ್ತಲೇ.